ಅಟ್ಟದ ಮೇಲಿನ ಮೀನಿನ ತೀನಿ

"ಅಮ್ಮಾ, ಹಾಲಜ್ಜ ಯಾಕೆ ಮೀನಿಗೆ ಹಾಕೋ ಊಟ ತಿಂತಾರೆ? ಅವರ ಮನೇಲಿ ಅನ್ನ ಮಾಡಲ್ವಾ?"

ನಿವೇತಾ ಹೀಗೆ ಕೇಳಿದಾಗ ಸುಧಾ ಅವಳ ಕಾಲಿಗೆ ಉಣ್ಣೆಯ ಕಾಲುಚೀಲ ಏರಿಸುತ್ತಿದ್ದಳು. ನಾಲ್ಕು ವರ್ಷದ ಮಗುವಿನ ಪ್ರಶ್ನೆಗಳಿಗೆ ಕೊನೆಯಿಲ್ಲ. ಅರ್ಧಕ್ಕೆ ಉತ್ತರ, ಇನ್ನರ್ಧಕ್ಕೆ ಬಿಸ್ಕತ್ತು ಕೊಟ್ಟು ದಿನ ದೂಡುವುದು ಸುಧಾಳ ರೂಢಿ.

"ತಿನ್ನಲ್ಲ ಕಣೇ. ಕೈಯಲ್ಲಿ ಹಿಡಿದು ನೋಡ್ತಾರೆ, ಅಷ್ಟೇ."

"ಇಲ್ಲ. ಬಾಯಿಗೆ ಹಾಕ್ಕೊಂಡು ಕಟುಂ ಅನ್ನಿಸ್ತಾರೆ. ಆಮೇಲೆ ಉಗೀತಾರೆ. ದಿನಾ."

ಮುದುಕರ ಚಾಳಿ ಏನೋ ಇರಬೇಕು ಎಂದುಕೊಂಡು ಸುಧಾ ಎರಡನೇ ಕಾಲುಚೀಲ ಎಳೆದಳು. ಅವಳ ತಲೆಯಲ್ಲಿ ಆಗ ಬೇರೆಯೇ ಚಿಂತೆ ಕುಳಿತಿತ್ತು. ತೊಟ್ಟಿಯಲ್ಲಿ ತಾಯಿಮೀನುಗಳು ಸಾಯುತ್ತಿದ್ದವು.

ಊಟಿಯಾಚೆ ಅವಲಾಂಚ್ ರಸ್ತೆಯಿಂದ ಕೆಳಕ್ಕಿಳಿದರೆ ಸಿಗುವ ಕಣಿವೆಯಲ್ಲಿ, ಹಳ್ಳದ ನೀರನ್ನು ತಿರುಗಿಸಿ ಕಟ್ಟಿಸಿದ ಸಿಮೆಂಟು ತೊಟ್ಟಿಗಳು ಅವಳ ಗಂಡ ನಾಗರಾಜುವಿನವು. ಗುಂಡ್ಲುಪೇಟೆ ಕಡೆಯಿಂದ ತರಕಾರಿ ವ್ಯಾಪಾರಕ್ಕೆಂದು ಬೆಟ್ಟ ಹತ್ತಿದ ಮನೆತನ. ನಾಗರಾಜು ಊಟಿಯಲ್ಲಿ ಅಂಗಡಿ ನೋಡಿಕೊಳ್ಳುತ್ತ, ಅಲ್ಲಿನ ಹೋಟೆಲುಗಳಿಗೆ ಟ್ರೌಟ್ ಮೀನು ಕೊಡುತ್ತಿದ್ದ. ಮೀನನ್ನು ಸಾಕುವ ಕೆಲಸವೆಲ್ಲ ಹಾಲನ್ ಅವರದು.

ಹಾಲನ್ ಪಕ್ಕದ ಹಟ್ಟಿಯವರು, ಆ ಬೆಟ್ಟದ ಬಡಗ ಜನ. ತಂದೆಯ ಕಾಲಕ್ಕೆ ಸಾಮೆ, ಗೋಧಿ, ಆಲೂಗಡ್ಡೆ ಬೆಳೆದ ನೆಲ ಅವರ ಕಾಲಕ್ಕೆ ಚಹಾ ತೋಟವಾಗಿತ್ತು. ಎಲೆಯ ರೇಟು ಬಿದ್ದ ವರ್ಷ ಅಣ್ಣತಮ್ಮಂದಿರು ಕಾರ್ಖಾನೆಯ ಬಾಗಿಲಲ್ಲಿ ನಿಂತು ಜಗಳವಾಡುತ್ತಿದ್ದರೆ, ಇವರು ಈ ತೊಟ್ಟಿಗಳ ಹಿಂದಿನ ಮಾಲೀಕನ ಹತ್ತಿರ ಕೆಲಸಕ್ಕೆ ಸೇರಿದರು. ತಣ್ಣೀರಿನಲ್ಲಿ ನಿಂತು ನಿಂತು ಪಾದ ಬಿಳಿಚಿಕೊಂಡವು. ನಾಗರಾಜು ತೊಟ್ಟಿ ಕೊಂಡಾಗ ಮೀನುಗಳ ಜೊತೆಗೆ ಹಾಲನ್ನರೂ ಬಂದರು ಎಂದು ಅವನೇ ತಮಾಷೆ ಮಾಡುತ್ತಿದ್ದ.

ಹಾಲನ್ನರ ಹೆಂಡತಿ ಇಂದ್ರಾಣಿಗೆ ಮೀನಿನ ವಾಸನೆ ಆಗಿಬರುತ್ತಿರಲಿಲ್ಲ. ಸಂಜೆ ಗಂಡ ಬಂದರೆ ಹೊಸ್ತಿಲಲ್ಲೇ ತಡೆದು, ತೋಳು, ಕತ್ತು, ಅಂಗಿಯ ಕಾಲರು ಮೂಸಿ, "ಮೀನನ್ನ ಹೊರಗೆ ಬಿಟ್ಟು ನೀವು ಮಾತ್ರ ಬನ್ನಿ" ಎನ್ನುತ್ತಿದ್ದಳಂತೆ. ಬಿಸಿನೀರು ಆಗಲೇ ಕಾದಿರುತ್ತಿತ್ತು.

ಲಾಕ್‌ಡೌನಿನ ಆ ಜ್ವರದ ವರ್ಷ ಇಬ್ಬರೂ ಹಾಸಿಗೆ ಹಿಡಿದರು. ಇಂದ್ರಾಣಿಯನ್ನು ಆಸ್ಪತ್ರೆಗೆ ಒಯ್ದ ವ್ಯಾನು ಅವಳನ್ನು ವಾಪಸು ತರಲಿಲ್ಲ. ಹಟ್ಟಿಯವರೆಲ್ಲ ಸುತ್ತ ನಿಂತು, ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳಿ ಬಿಡಿಸುವ ಶಾಸ್ತ್ರವಿದೆಯಲ್ಲ, ಅದೂ ನಡೆಯಲಿಲ್ಲ. ಜ್ವರ ಬಿಟ್ಟ ಮಾರನೆಯ ಬೆಳಿಗ್ಗೆ ಹಾಲನ್ ಬಕೆಟ್ಟು ಹಿಡಿದು ತೊಟ್ಟಿಯ ಹತ್ತಿರ ನಿಂತಿದ್ದರು. ಅತ್ತದ್ದನ್ನು ಯಾರೂ ನೋಡಲಿಲ್ಲ. ಸುಧಾ ಸಾರು ಕಳಿಸಿದರೆ ಉಣ್ಣುತ್ತಿದ್ದರು. ಹೇಗಿತ್ತು ಎಂದರೆ "ಇತ್ತು" ಎನ್ನುತ್ತಿದ್ದರು. ದುಃಖವಿರಬೇಕು, ಕೆದಕುವುದು ಬೇಡ ಎಂದು ಅವಳು ಸುಮ್ಮನಾದಳು. ಇಂದ್ರಾಣಿ ಇಲ್ಲದ ಮನೆಗೆ ಹೋಗಲಾರದೆ ಅವರು ತೊಟ್ಟಿಯ ಪಕ್ಕದ ಒಂಟಿ ಕೋಣೆಯಲ್ಲೇ ಒಲೆ ಹೂಡಿದರು. ಹಾಗೆಯೇ ವರ್ಷಗಳು ಕಳೆದವು.

ಈಗ ಐಪ್ಪಸಿ ತಿಂಗಳ, ದೀಪಾವಳಿ ಹೊತ್ತಿನ ಮಂಜು. ಚಳಿ ಬಲಿತ ಮೇಲೆ ತಾಯಿಮೀನಿನ ಹೊಟ್ಟೆ ಒತ್ತಿ ಮೊಟ್ಟೆ ಇಳಿಸಬೇಕು. ಮುಂದಿನ ವರ್ಷದ ಮರಿಗಳೆಲ್ಲ ಅದರಿಂದಲೇ. ಅಂಥ ಹೊತ್ತಿನಲ್ಲಿ ಆ ಮೀನುಗಳ ಮೈ ಕಪ್ಪಿಟ್ಟಿತ್ತು. ಪಕ್ಕೆಯ ಗುಲಾಬಿ ಪಟ್ಟಿ ಕಾಣುತ್ತಲೇ ಇರಲಿಲ್ಲ. ತೀನಿ ಎರಚಿದರೆ ಮೇಲೆ ಹಾರುತ್ತಿದ್ದಂಥವು ಈಗ ನೀರು ಹೊರಹೋಗುವ ಜಾಲರಿಗೆ ಒರಗಿ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದವು. ಬೆಳಿಗ್ಗೆ ಒಂದಾದರೂ ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಹಿಂದಿನ ದಿನ ಬಂದಿದ್ದ ನಾಗರಾಜು ಹೇಳಿಹೋಗಿದ್ದ. "ಹಾಲಣ್ಣ, ತಾಯಿಮೀನು ಹೋದರೆ ನನ್ನ ಕೈಲಿ ಮತ್ತೆ ಮೊದಲಿಂದ ಆಗಲ್ಲ. ತೊಟ್ಟಿ ಒಣಗಿಸಿ ಅಂಗಡಿ ನೋಡ್ಕೋತೀನಿ. ನೀವು ಹಟ್ಟಿಗೆ ಹೋಗಿ ಆರಾಮಾಗಿರಿ."

ಆರಾಮ ಎಂಬ ಮಾತು ಕೇಳಿದಾಗ ಹಾಲನ್ ಬೇರೆ ಯಾರಿಗೋ ಹೇಳಿದ್ದೇನೋ ಎಂಬಂತೆ ಹಿಂದಕ್ಕೆ ತಿರುಗಿ ನೋಡಿದ್ದರು.

ಆ ಬೆಳಿಗ್ಗೆಯೂ ಒಂದು ಸತ್ತಿತ್ತು. ಸುಧಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಇಳಿದು ಹೋಗುವಷ್ಟರಲ್ಲಿ ಹಾಲನ್ ಅದನ್ನು ಒಗೆಯುವ ಕಲ್ಲಿನ ಮೇಲೆ ಮಲಗಿಸಿ, ಬಾಲದ ಕಡೆಯಿಂದ ಗಂಟಲವರೆಗೆ ಸೀಳಿದ್ದರು. ಮೀನು ವೈದ್ಯರಾದ ಮುರಳೀಧರನ್ ಅವರಿಗೆ ಫೋನು ಮಾಡಬೇಕಿತ್ತು. ಸಿಗ್ನಲ್ ಸಿಗುವುದು ಆ ಕಲ್ಲಿನ ಮೇಲೆ ಮಾತ್ರ. ಸುಧಾ ಅದರ ತುದಿಗೇ ಹತ್ತಿ ನಿಂತು ಫೋನನ್ನು ಮುಖದ ಮುಂದೆ ಹಿಡಿದಳು.

"ಕಿವಿರು ಎತ್ತಿ. ಬಣ್ಣ ಹೇಗಿದೆ?" ಎಂದರು ವೈದ್ಯರು.

ಹೆಚ್ಚಿದ ಬೀಟ್‌ರೂಟಿನ ಹಾಗೆ ಇರಬೇಕಾದ ಕಿವಿರು ನೀರಿನಲ್ಲಿ ನೆನೆದು ಬಣ್ಣ ಬಿಟ್ಟ ಬಟ್ಟೆಯಂತಿತ್ತು. "ಬಿಳಿಚಿದೆ ಡಾಕ್ಟ್ರೇ. ರಕ್ತಾನೇ ಇಲ್ಲ," ಅಂದಳು.

"ಲಿವರ್?"

ಹಾಲನ್ ಚಾಕುವಿನ ತುದಿಯಿಂದ ಅದನ್ನು ಎತ್ತಿ ತೋರಿಸಿದರು. ಕಂದುಗೆಂಪಾಗಿ ಇರಬೇಕಾದದ್ದು, ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಜಠರದ ಪಕ್ಕದಲ್ಲಿ ಗೊಂಚಲಾಗಿ ಜೋತುಬಿದ್ದ ಸಣ್ಣ ಸಣ್ಣ ಕುಡಿಗಳನ್ನು ನೋಡಿ ನಿವೇತಾ, "ಮೀನಿಗೆ ಹೊಟ್ಟೆ ಒಳಗೆ ಬೆರಳಿದೆ," ಅಂದಳು.

"ಹೂಂ ಕೂಸು. ತಿಂದದ್ದು ಅಲ್ಲೇ ಕರಗೋದು," ಎಂದರು ಹಾಲನ್. "ಈಗ ಏನೂ ಇಲ್ಲೆ. ಬರೀ ಹೊಟ್ಟೆ."

"ರೋಗ ಅಲ್ಲ ಅನ್ಸುತ್ತೆ ಅಮ್ಮಾ," ಎಂದರು ವೈದ್ಯರು. "ತೀನಿಯಲ್ಲಿರೋ ಮೀನೆಣ್ಣೆ ಕಮಟಿದರೆ ಹೀಗೇ ಆಗುತ್ತೆ. ಲಿವರ್ ಕೆಡುತ್ತೆ, ರಕ್ತ ಇಳಿಯುತ್ತೆ. ಆ ತೀನಿ ಈಗಲೇ ನಿಲ್ಲಿಸಿ. ಮೂಸಿ ನೋಡಿದ್ರಾ ಅದನ್ನ?"

ಸುಧಾ ಹಾಲನ್ ಕಡೆ ನೋಡಿದಳು.

"ಗರಿಗರಿಯಾಗಿದೆ," ಅಂದರು ಅವರು.

ಕೇಳಿದ್ದು ಅದಲ್ಲವಲ್ಲ. ಬೆಳಗಿನ ಪ್ರಶ್ನೆ ಸುಧಾಳ ನೆನಪಿಗೆ ಬಂತು. ಬಾಯಿಗೆ ಹಾಕಿಕೊಂಡು ಕಟುಂ.

"ಹಾಲಣ್ಣ, ತೀನಿ ಚೀಲ ಎಲ್ಲಿಟ್ಟಿದೀರ?"

ಕೋಣೆಯ ಒಲೆಯ ನೇರಕ್ಕೆ ಬಿದಿರಿನ ಅಟ್ಟ ಕಟ್ಟಿದ್ದರು. ಹೊಗೆಯಿಂದ ಕರ್ರಗಾದ ಬಿದಿರಿನ ಮೇಲೆ ತೀನಿ ಚೀಲಗಳು ಸಾಲಾಗಿ ಬೆಚ್ಚಗೆ ಮಲಗಿದ್ದವು. ಮಳೆಗಾಲದಲ್ಲಿ ಶೆಡ್ಡಿನೊಳಗೆ ಎರಡು ಚೀಲಕ್ಕೆ ಬೂಷ್ಟು ಹಿಡಿದಿತ್ತಂತೆ. ಹಟ್ಟಿಯಲ್ಲಿ ಅವರ ತಾಯಿ ಸಾಮೆಯನ್ನೂ ರಾಗಿಯನ್ನೂ ಒಲೆಯ ಮೇಲಿನ ಅಟ್ಟದಲ್ಲೇ ಇಡುತ್ತಿದ್ದಳು; ಅದೆಷ್ಟು ಮಂಜು ಬಿದ್ದರೂ ಒಂದು ಕಾಳು ಕೆಟ್ಟಿದ್ದಿಲ್ಲ. ಹಾಗೆಂದು ಇವನ್ನೂ ಮೇಲೇರಿಸಿದ್ದರು.

ಸುಧಾ ಸ್ಟೂಲು ಹತ್ತಿ ಚೀಲದ ಬಾಯಿ ಬಿಚ್ಚಿದಳು. ಹಳೇ ಬಣ್ಣದ ಡಬ್ಬ ತೆರೆದಂತೆ, ತಿಂಗಳುಗಟ್ಟಲೆ ತೊಳೆಯದ ದೀಪದ ಎಣ್ಣೆಯಂತೆ ಕಮಟು ಮೂಗಿಗೆ ರಾಚಿತು. ಮಗು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು "ಥೂ" ಅಂದಿತು. ಧಾನ್ಯವನ್ನು ಕಾಯುವ ಒಲೆಯ ಕಾವು ಮೀನೆಣ್ಣೆಯನ್ನು ಬೇಯಿಸಿ ಕೆಡಿಸಿತ್ತು. ಕೆಳಗೆ ನಿಂತ ಹಾಲನ್ ಅವಳ ಮುಖವನ್ನೇ ನೋಡುತ್ತಿದ್ದರು, ಗೊತ್ತಿಲ್ಲದ ಭಾಷೆಯ ಬೋರ್ಡು ನೋಡುವವರ ಹಾಗೆ.

"ನಾರ್ತಾ?" ಎಂದು ಕೇಳಿದರು.

"ನಿಮಗೆ ಬರ್ತಿಲ್ವಾ?"

"ಇಲ್ಲೆ. ಎನಗೆ ವಾಸನೆ ಇಲ್ಲೆ, ಸುಧಮ್ಮಾ. ಆ ಜ್ವರದಿಂದ." ಒಲೆಯ ಬೂದಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. "ರುಚಿಯೂ ಇಲ್ಲೆ. ಉಪ್ಪು ಒಂದು ತಿಳೀತದೆ. ತೀನಿ ಒದ್ದೆಯಾಗಿದ್ರೆ ಹಲ್ಲಿಗೆ ಮೆತ್ತಗೆ ಸಿಗುತ್ತೆ, ಒಣಗಿದ್ರೆ ಗರಿಗರಿ. ಗರಿಗರಿ ಇದ್ದರೆ ಒಳ್ಳೇದು ಅಂದುಕೊಂಡೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಅದರಲ್ಲಿ ಆಕ್ಷೇಪಣೆಯಿರಲಿಲ್ಲ. ಸಾರು ಹೇಗಿತ್ತು ಎಂದರೆ "ಇತ್ತು" ಎಂದವರು ಅಷ್ಟೇ ನಿಜ ಹೇಳಿದ್ದರು ಎಂದು ಸುಧಾಳಿಗೆ ಆಗ ಹೊಳೆಯಿತು.

ಮಧ್ಯಾಹ್ನ ನಾಗರಾಜು ಹೊಸ ತೀನಿಯನ್ನೂ ವೈದ್ಯರು ಬರೆಸಿದ ವಿಟಮಿನ್ ಪುಡಿಯನ್ನೂ ಜೀಪಿನಲ್ಲಿ ತಂದ. ಹಳೆಯ ಚೀಲಗಳನ್ನು ಹೊರಗೆ ಎಸೆಯುತ್ತ ಅವನ ಮುಖ ಕೆಂಪಾಗಿತ್ತು. "ಮೂಗಿಲ್ಲ ಅಂತ ಒಂದು ಮಾತು ಹೇಳಬಾರದಾ ಅಣ್ಣಾ? ಹೇಳಿದ್ರೆ ನಾನೇನು ಕೆಲಸದಿಂದ ಕಳಿಸಿಬಿಡ್ತಿದ್ನಾ?"

"ಕಳಿಸ್ತಿದ್ದೆ ನೀನು," ಎಂದರು ಹಾಲನ್.

ನಾಗರಾಜು ಕೈಯಲ್ಲಿದ್ದ ಚೀಲವನ್ನೂ ಹೊರಗೆಸೆದ. "ತಾಯಿಮೀನು ಉಳೀಲಿ. ಆಮೇಲೆ ನೋಡೋಣ," ಎಂದು ಜೀಪು ಹತ್ತಿದ.

ಕೆಲವು ದಿನ ಮೀನುಗಳಿಗೆ ಉಪವಾಸ. ಆಮೇಲೆ ಚಿಟಿಕೆ ಚಿಟಿಕೆಯಾಗಿ ಹೊಸ ತೀನಿ. ಮಧ್ಯೆ ಇನ್ನೂ ಒಂದಷ್ಟು ಸತ್ತವು. ಹಾಲನ್ ಅವನ್ನು ಎತ್ತಿ, ಸೀಳಿ, ಲಿವರಿನ ಬಣ್ಣ ನೋಡಿ ಹೂಳುತ್ತಿದ್ದರು. ಖುಷಿಯೋ ಸಂಕಟವೋ ಮುಖದಲ್ಲಿ ಯಾವುದೂ ಕಾಣುತ್ತಿರಲಿಲ್ಲ. ಸುಧಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು: ಮಂಜಿನಲ್ಲಿ ಒಂದು ಕಂಬಳಿ, ಒಂದು ಬಕೆಟ್ಟು.

ಒಂದು ಬೆಳಿಗ್ಗೆ ಅವರು ಎರಚಿದ ಕಾಳಿಗೆ ದೊಡ್ಡದೊಂದು ಹೆಣ್ಣು ಮೀನು ತಳದಿಂದ ಎದ್ದು ಬಂದು ಬಾಯಿ ಹಾಕಿತು. ಮಾರನೆಯ ದಿನ ಇನ್ನೂ ಕೆಲವು ಎದ್ದವು. ವಾರ ಕಳೆದ ಮೇಲೆ ಜಾಲರಿಯ ಹತ್ತಿರ ಒರಗಿ ನಿಲ್ಲುವವು ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ತಾಯಿಮೀನು ಉಳಿದಿದ್ದವು. ಮೊಟ್ಟೆಗೆ ಅಷ್ಟು ಸಾಕು ಎಂದು ವೈದ್ಯರು ಹೇಳಿದರು. ಸುಧಾ ಫೋನಿನಲ್ಲಿ ತಿಳಿಸಿದಾಗ ನಾಗರಾಜು, "ಸರಿ ಹಾಗಾದರೆ, ಅವರು ಇರಲಿ. ಆದರೆ ಚೀಲ ಮೂಸೋಕೆ ಒಂದು ಮೂಗು ಬೇಕಲ್ಲ," ಅಂದ.

ಆ ಮಾತು ಹಾಲನ್ ಕಿವಿಗೆ ಹೇಗೆ ಬಿತ್ತೋ. ಮರುದಿನ ತೀನಿ ಹಾಕುವ ಮೊದಲು ಅವರು ಸುಧಾಳ ಅಡುಗೆಮನೆಯ ಬಾಗಿಲಿಗೆ ಬಂದರು. ಅಂಗೈಯಲ್ಲಿ ಒಂದು ಹಿಡಿ ತೀನಿ.

"ಇದನ್ನೊಂದು ಮೂಸಿ ಹೇಳಿ ಸುಧಮ್ಮಾ."

ಸುಧಾ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಗ್ಗಿ ಮೂಸಿದಳು. "ಚೆನ್ನಾಗಿದೆ. ಒಣ ಮೀನಿನ ವಾಸನೆ, ಅಷ್ಟೇ."

"ದಿನಾ ತರ್ತೀನಿ."

"ತನ್ನಿ."

ಕೆಲಸ ಮುಗಿದಿತ್ತು, ಆದರೂ ಅವರು ಹೋಗಲಿಲ್ಲ. ತೀನಿಯನ್ನು ಜೇಬಿಗೆ ಸುರಿದುಕೊಂಡು, ಚೌಕಟ್ಟಿಗೆ ಕೈಯೂರಿ ಹೊಸ್ತಿಲ ಆಚೆಯೇ ನಿಂತರು.

"ನಿನ್ನೆ ಎಮರಾಲ್ಡ್ ಊರಿಗೆ ಹೋಗೋ ಬಸ್ಸಿನಲ್ಲಿ ಎನ್ನ ಪಕ್ಕ ಕೂತಿದ್ದ ಹೆಂಗಸು ಎದ್ದು ಹೋಗಿ ನಿಂತುಕೊಂಡಳು. ಅವಳು ಇಳಿದದ್ದು ಎಷ್ಟೋ ದೂರ ಹೋದ ಮೇಲೆ," ಎಂದರು. "ಮುಂದಿನ ವಾರ ತಂಗಿ ಮಗಳು ಸರಣ್ಯಾ ಮದುವೆ. ಹಟ್ಟಿಯವರೆಲ್ಲ ಬರ್ತಾರೆ."

ಸುಧಾ ಒಲೆಯ ಉರಿ ಸಣ್ಣ ಮಾಡಿದಳು.

"ಹೊರಡೋ ದಿನ ಸ್ನಾನ ಮಾಡಿ ಇಲ್ಲಿಗೇ ಬರ್ತೀನಿ. ಬಾಗಿಲಲ್ಲೇ ನಿಂತ್ಕೋತೀನಿ, ಒಳಗೆ ಬರೋಲ್ಲ. ಎನ್ನನ್ನೂ ಒಂದು ಸಲ ಮೂಸಿ ಹೇಳಿ. ನಾರ್ತಿದ್ದರೆ ನಾರ್ತದೆ ಅಂತಲೇ ಹೇಳಬೇಕು, ತಿರುಗಿ ಹೋಗಿ ತೊಳ್ಕೊಂಡು ಬರ್ತೀನಿ."