ಅಮ್ಮನ ‘ಹ್ಞೂಂ’

ಮೆಲ್ಬರ್ನ್‌ನ ಕೋರ್ಟಿನಲ್ಲಿ ಅಮ್ಮನ ಪಕ್ಕ ಕೂತಿದ್ದ ದುಭಾಷಿ ಆಂಟಿಯ ಹೆಸರು ನೆನಪಿಲ್ಲ. ಧ್ವನಿ ಮಾತ್ರ ಈಗಲೂ ನಿದ್ದೆಯ ಅಂಚಿನಲ್ಲಿ ಮೆಲ್ಲಗೆ ಕೇಳಿಸುತ್ತದೆ. ಮಾತಿಗೆ ಮುಂಚೆ ಕನ್ನಡಕ ಒರೆಸಿಕೊಂಡು, “ನೀವು ಹೇಳಿದ್ದಷ್ಟೇ ಹೇಳ್ತೀನಿ ಅಮ್ಮಾ, ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ” ಅನ್ನುತ್ತಿದ್ದರು.

ಊರಂಚಿನ ಕ್ರೇಗಿಬರ್ನ್ ಬಡಾವಣೆಯ ಅಂಗಡಿಯೊಂದರಿಂದ ಅಮ್ಮ ಮೊಮ್ಮಗಳ ಅಳತೆಯ ಟೋಪಿ ಕೈಯಲ್ಲಿರುವುದನ್ನೇ ಮರೆತು, ದುಡ್ಡು ಕೊಡದೆ ಹೊರಬಂದಿದ್ದಳು. ಕಳ್ಳತನದ ಕೇಸಾಗಿತ್ತು.

“ಬೇಕೆಂದೇ ತೆಗೆದುಕೊಂಡಿರಾ?” ಎಂದು ಎದುರು ವಕೀಲರು ಕೇಳಿದರು. ಆಂಟಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಮ್ಮ “ಹ್ಞೂಂ, ಹ್ಞೂಂ” ಎಂದಳು. ವಕೀಲರು ತಲೆಯಾಡಿಸಿ ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿದ್ದ ನಾನು ಅರ್ಧ ಎದ್ದೆ.

ಆಂಟಿ ಎದ್ದು ನಿಂತರು. “ನಮ್ಮ ಭಾಷೆಯಲ್ಲಿ ಹ್ಞೂಂ ಅಂದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದೂ ಅರ್ಥ. ಇನ್ನೊಮ್ಮೆ ಕೇಳಲು ಅವಕಾಶ ಕೊಡಿ” ಎಂದು ಮ್ಯಾಜಿಸ್ಟ್ರೇಟರನ್ನು ಇಂಗ್ಲಿಷಿನಲ್ಲಿ ವಿನಂತಿಸಿದರು.

ಮತ್ತೆ ಕೇಳಿದಾಗ ಅಮ್ಮ, “ಅಯ್ಯೋ ಇಲ್ಲಮ್ಮಾ, ಅದು ಕೈಲಿತ್ತು ಅನ್ನೋದೇ ಗೊತ್ತಿರ್ಲಿಲ್ಲ” ಎಂದಳು. “ನನಗೆ ಗೊತ್ತಿರಲಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳುವಾಗ ಆಂಟಿಯ ಧ್ವನಿಯೂ ಅಮ್ಮನದರಂತೆಯೇ ನಡುಗಿತು.

ಕದಿಯುವ ಉದ್ದೇಶ ಸಾಬೀತಾಗಿಲ್ಲವೆಂದು ಮ್ಯಾಜಿಸ್ಟ್ರೇಟರು ಕೇಸು ವಜಾ ಮಾಡಿದರು.

ಹೊರಗೆ ಅಮ್ಮ ಆಂಟಿಯ ಕೈ ಹಿಡಿದು, “ಯಾವೂರಮ್ಮಾ ನಿಮ್ದು?” ಎಂದಳು. ಆಂಟಿ ನಕ್ಕು, “ಇನ್ನೊಬ್ರು ಕಾಯ್ತಿದಾರೆ ಅಮ್ಮಾ” ಎಂದು ಪಕ್ಕದ ಕೋರ್ಟ್ ರೂಮಿನೊಳಗೆ ಹೋದರು.