ಸುರಪುರದ ಸ್ಟುಡಿಯೋದ ಒಂದೇ ಕುರ್ಚಿ

ಕೋಟಿನ ಬೆನ್ನನ್ನು ಕಾಲರಿನಿಂದ ಕೆಳಗಿನ ಅಂಚಿನವರೆಗೆ ಉದ್ದಕ್ಕೂ ಕತ್ತರಿಸಲಾಗಿತ್ತು. ಕತ್ತರಿಸಿದ ಎರಡೂ ಕಡೆ ಮಡಿಕೆ ಹೊಲಿದು ನಾಲ್ಕು ಜೊತೆ ಲಾಡಿ ಕೂಡಿಸಿದ್ದರು. ಎದುರಿನಿಂದ ನೋಡಿದರೆ ಹಿತ್ತಾಳೆ ಗುಂಡಿಗಳ ಕಡುನೀಲಿ ಕೋಟು. ಹಿಂದಿನಿಂದ ನೋಡಿದರೆ ಆಸ್ಪತ್ರೆಯಲ್ಲಿ ರೋಗಿಗೆ ತೊಡಿಸುವ ಅಂಗಿ.

"ಸಣಕಲ ಇದ್ದಾಂವ ಬಂದ್ರ ಬಿಗಿದು ಕಟ್ಟೂದು, ದಪ್ಪ ಇದ್ದಾಂವ ಬಂದ್ರ ಸಡ್ಲ ಬಿಡೂದು," ಎಂದರು ನೀಲಮ್ಮ. "ಫೋಟೋದಾಗ ಬೆನ್ನು ಯಾರು ಕೇಳ್ತಾರ್ರಿ?"

ಅದು ಸುರಪುರದಲ್ಲಿ ನನ್ನ ಮೊದಲ ದಿನ. ಮೈಸೂರಿನಲ್ಲಿ ಛಾಯಾಗ್ರಹಣವನ್ನು ಒಂದು ವಿಷಯವಾಗಿ ಓದಿ ಪದವಿ ಪಡೆದಿದ್ದೆ. ಅಲ್ಲಿ ನಮಗೆ ಮಸೂರದ ಗುಣ, ಬೆಳಕಿನ ಅಳತೆ, ಚಿತ್ರದ ಸತ್ಯಾಸತ್ಯ ಎಲ್ಲವನ್ನೂ ಕಲಿಸಿದ್ದರು. ಬೆನ್ನಿಲ್ಲದ ಕೋಟಿನ ವಿಷಯ ಯಾರೂ ಹೇಳಿರಲಿಲ್ಲ. ಆ ಸಂಜೆ ಮನೆಗೆ ಫೋನ್ ಮಾಡಿದಾಗ, ಊರು ಹೇಗಿದೆ ಎಂದು ಅಮ್ಮ ಕೇಳಿದಳು. ಕೋಟಿನ ಕಥೆ ಹೇಳಿದೆ.

ನೀಲಮ್ಮನವರಿಗೆ ಅರವತ್ತು ದಾಟಿದೆ. ರಂಗಂಪೇಟೆಗೆ ಹೋಗುವ ರಸ್ತೆಯಲ್ಲಿರುವ ಈ ಸ್ಟುಡಿಯೋವನ್ನು ತೆರೆದವರು ಅವರ ಗಂಡ. ಅವರಿದ್ದಾಗ ನೀಲಮ್ಮ ಕತ್ತಲೆ ಕೋಣೆಯಲ್ಲಿ ಪ್ರಿಂಟು ತೊಳೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹೊರಗೆ ಬಂದು ಕ್ಯಾಮೆರಾದ ಹಿಂದೆ ನಿಂತರು. ಈಗ ಅವರಿಗೆ ಕಣ್ಣು ಮಂಜಾಗುತ್ತಿದೆ. ಕೆಲಸಕ್ಕೆ ಒಬ್ಬ ಹುಡುಗಿ ಬೇಕಾಗಿದ್ದಾಳೆ ಎಂದು ನನ್ನ ಅಧ್ಯಾಪಕಿಯೊಬ್ಬರ ಮೂಲಕ ತಿಳಿಯಿತು. ನಾನು ಬಂದೆ. ಬರಲು ನನ್ನವೇ ಆದ ಕಾರಣಗಳಿದ್ದವು. ಅವು ಇಲ್ಲಿ ಬೇಡ.

ಯಾದಗಿರಿಯಲ್ಲಿ ರೈಲಿಳಿದು, ಶಹಾಪುರದ ಮೇಲೆ ಬರುವ ಬಸ್ಸು ಹತ್ತಿದ್ದೆ. ಪಕ್ಕದವರು ನನ್ನ ಭುಜ ತಟ್ಟಿ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಸಾಲನ್ನು ತೋರಿಸಿದ್ದರು. ಅಪರಿಚಿತರು ಭುಜ ತಟ್ಟುವುದಕ್ಕೆ ಬೆಚ್ಚಿದ್ದೆ. ಮನೆ ಹುಡುಕುವಾಗ ಇನ್ನಷ್ಟು ಬೆಚ್ಚಿದೆ. ಮೈಸೂರಿನಲ್ಲಿ ಮನೆ ಮಾಲೀಕರು ಸುತ್ತಿ ಬಳಸಿ, ತರಕಾರಿಯ ವಿಷಯದಿಂದ ಶುರುಮಾಡಿ ಕೊನೆಗೆ ಜಾತಿಗೆ ಬರುತ್ತಾರೆ. ಇಲ್ಲಿ ಬಾಗಿಲಲ್ಲೇ, "ನೀವು ಯಾವ ಪೈಕಿ?" ನಾನು ಉತ್ತರಿಸಲಿಲ್ಲ. ಮೂರು ಬಾಗಿಲು ಹಾಗೇ ಮುಚ್ಚಿದವು. ನಾಲ್ಕನೆಯ ಮನೆಗೆ ನೀಲಮ್ಮ ಜೊತೆಗೆ ಬಂದರು. "ಈಕಿ ನಮ್ಮ ಪೈಕಿ ಅದಾಳ. ಫೋಟೋದವ್ರ ಪೈಕಿ. ಕೀಲಿ ಕೊಡು," ಎಂದರು. ಮನೆಯಾಕೆ ನಕ್ಕು ಕೀಲಿಕೈ ಕೊಟ್ಟಳು. ನೇಕಾರರ ಓಣಿಯ ಆ ಒಂದು ಕೋಣೆಯಲ್ಲಿ ಈಗಲೂ ಇದ್ದೇನೆ. ಮಗ್ಗದ ಸದ್ದು ನಿಂತರೆ ಭಾನುವಾರವೇನೋ ಎನಿಸುತ್ತದೆ.

ಮಾತು ಕಲಿಯಲು ಹೆಚ್ಚು ಕಾಲ ಹಿಡಿಯಿತು. "ಏನ್ ಬೇಕು?" ಎಂದು ಅಂಗಡಿಯವನು ಕೇಳಿದರೆ ಜಗಳಕ್ಕೆ ಬಂದಂತೆ ಕೇಳುತ್ತಿತ್ತು. ಅದೇ ಮನುಷ್ಯ, ನನಗೆ ಜ್ವರ ಬಂದ ವಾರ, ಕೇಳದೆಯೇ ಮಂಡಾಳಿನ ಸೂಸ್ಲಾ ಕಟ್ಟಿ ಕಳಿಸಿದ. ಮಂಡಾಳು ಎಂದರೆ ಮಂಡಕ್ಕಿ. ನೆನೆಸಿ ಒಗ್ಗರಣೆ ಹಾಕಿದರೆ ಸೂಸ್ಲಾ. ನಮ್ಮ ಕಡೆ ಸಭ್ಯತೆ ಮಾತಿನಲ್ಲಿ ಇರುತ್ತದೆ. ಇಲ್ಲಿ ಅದು ಕೈಯಲ್ಲಿದೆ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಒಂದು ಬೇಸಿಗೆ ಕಳೆದಿತ್ತು. ರೊಟ್ಟಿ ಬಡಿಯುವುದು ಮಾತ್ರ ಇನ್ನೂ ಬಂದಿಲ್ಲ. ನಾನು ಬಡಿದದ್ದು ಪ್ರತಿ ಸಲ ಒಂದೊಂದು ದೇಶದ ನಕ್ಷೆಯಾಗುತ್ತದೆ.

ಸ್ಟುಡಿಯೋದಲ್ಲಿ ಕುಳಿತುಕೊಳ್ಳಲು ಇರುವುದು ಒಂದೇ ಕುರ್ಚಿ, ಕೈಗಳಿರುವ ತೇಗದ ಕುರ್ಚಿ. ಗೌಡರೂ ಅದರಲ್ಲೇ ಕೂರಬೇಕು, ಅವರ ಹೊಲದಲ್ಲಿ ಕಳೆ ಕೀಳುವವಳೂ ಅದರಲ್ಲೇ. ಹಿಂದೊಮ್ಮೆ ಯಾರೋ ಬೇರೆ ಕುರ್ಚಿ ಕೇಳಿದ್ದರಂತೆ. "ಬ್ಯಾರೆ ಕುರ್ಚಿಗಿ ಬ್ಯಾರೆ ಸ್ಟುಡಿಯೋ ಹುಡಿಕ್ರಿ," ಎಂದು ನೀಲಮ್ಮ ದೀಪ ಆರಿಸಿದರಂತೆ. ಇದನ್ನು ನನಗೆ ಹೇಳಿದ್ದು ಪಕ್ಕದ ದರ್ಜಿ. ನೀಲಮ್ಮ ಇಂಥದ್ದನ್ನೆಲ್ಲ ಹೇಳುವವರಲ್ಲ. ಬುರ್ಖಾ ತೊಟ್ಟ ಹೆಂಗಸರು ಶಹಾಪುರದಿಂದಲೂ ಇಲ್ಲಿಗೇ ಬರುತ್ತಾರೆ. ಪರದೆ ಎಳೆದರೆ ಒಳಗೆ ಬರೀ ಹೆಂಗಸರು. ಅವರು ನಗುವುದು ಹೊರಗಿನ ಬೆಂಚಿನವರಿಗೆ ಕೇಳುತ್ತದೆ.

ನೀಲಮ್ಮ ಯಾರಿಗೂ "ನಗ್ರಿ" ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಅವರದು ಒಂದೇ ಪದ್ಧತಿ. ಗಿರಾಕಿ ಕೂರುವ ಮೊದಲು ತಾವು ಆ ಕುರ್ಚಿಯಲ್ಲಿ ಒಂದು ನಿಮಿಷ ಕೂರುತ್ತಾರೆ. ದೀಪ ಕಣ್ಣಿಗೆ ಚುಚ್ಚುತ್ತದೆಯೇ, ಫ್ಯಾನಿನ ಗಾಳಿ ಸೆರಗು ಹಾರಿಸುತ್ತದೆಯೇ ಎಂದು ನೋಡುತ್ತಾರೆ. ನನಗಿದು ವೇಳೆ ಕಳೆಯುವ ಕೆಲಸವಾಗಿ ಕಂಡಿತ್ತು. ಬೆಳಕನ್ನು ಅಳೆಯಲು ನನ್ನ ಬಳಿ ಉಪಕರಣವೇ ಇತ್ತು. ಎಡಕ್ಕೊಂದು, ಬಲಕ್ಕೊಂದು ಹೊಸ ದೀಪ ತರಿಸಿ, ಎರಡೂ ಕಡೆ ಸಮನಾದ ಬೆಳಕು ಬೀಳುವಂತೆ ಮಾಡಿದ್ದೆ.

ಹೋದ ಚಳಿಗಾಲದಲ್ಲಿ ಭೀಮವ್ವ ಬಂದಳು. ಕೊಡೇಕಲ್ ಹತ್ತಿರದ ಹಳ್ಳಿಯವಳು, ಕೂಲಿ ಮಾಡುವವಳು. ಕರೆತಂದವಳು ಮಗಳು ಯಲ್ಲಮ್ಮ. ಯಲ್ಲಮ್ಮ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಏಳು ವರ್ಷವಾಗಿತ್ತು. ಮೂರು ದಿನದ ಮಟ್ಟಿಗೆ ಒಬ್ಬಳೇ ಬಂದಿದ್ದಳು.

"ನನ್ ಮಗಳಿಗಿ ಐದು ವರ್ಷ ಆತ್ರಿ ಅಕ್ಕಾರ," ಎಂದಳು ನನಗೆ. "ಸಣ್ಣದಿದ್ದಾಗ ಆಯಿ ಹತ್ರ ಇತ್ತು. ಈಗ ಪುಣೆದಾಗ ಅದ, ಆಯಿ ಮಾರಿನ ಮರ್ತದ. ಫೋನ್ಯಾಗ ಇದ್ವು, ಫೋನ್ ನೀರಾಗ ಬಿತ್ತು. ಗ್ವಾಡಿಗಿ ಹಚ್ಚೂದು ಒಂದು ಫೋಟೋ ಬೇಕ್ರಿ."

ಆಯಿ ಎಂದರೆ ಅಜ್ಜಿ, ಮಾರಿ ಎಂದರೆ ಮುಖ. ಭೀಮವ್ವ ಕುರ್ಚಿಯ ತುದಿಯಲ್ಲಿ ಕುಳಿತಳು. ಕನ್ನಡಿಯ ಬಳಿ ಇದ್ದ ಪೌಡರನ್ನು ನಾನೇ ಅವಳ ಮುಖಕ್ಕೆ ಹಚ್ಚಿದೆ. ಎರಡು ದೀಪ, ಸಮ ಬೆಳಕು. ಆಮೇಲೆ ಕಂಪ್ಯೂಟರಿನಲ್ಲಿ ಉಳಿದ ಕಲೆಗಳನ್ನು ತೆಗೆದು, ಚರ್ಮವನ್ನು ನಯಗೊಳಿಸಿದೆ. ಪ್ರಿಂಟು ರಟ್ಟಿಗೆ ಅಂಟಿಸಿದ ಮೇಲೆ ನನ್ನ ಕೆಲಸ ನನಗೇ ಮೆಚ್ಚಿಗೆಯಾಯಿತು.

ಮಾರನೆಯ ದಿನ ಮಧ್ಯಾಹ್ನ ತಾಯಿ ಮಗಳು ಚಿತ್ರ ಒಯ್ಯಲು ಬಂದರು. ಭೀಮವ್ವ ಅದನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಈಕಿ ಯಾರು ಯವ್ವಾ?"

"ನೀನ ಅಲ್ಲೇನ," ಎಂದರು ನೀಲಮ್ಮ.

"ನಾನಾ? ನನ್ ಮಾರಿಗಿ ಇಸ್ತ್ರಿ ಹೊಡದಾಳಲ್ಲ ಈ ಹುಡುಗಿ!" ಬೆಂಚಿನ ಮೇಲಿದ್ದವರು ನಕ್ಕರು. ಭೀಮವ್ವ ನಗಲಿಲ್ಲ. ಗದ್ದದ ಮೇಲೆ ಬೆರಳಿಟ್ಟಳು. "ನನ್ ಹಚ್ಚಿ ಎಲ್ಲಿ?"

ಆಗ ನೋಡಿದೆ. ಗದ್ದದ ಮೇಲೆ ಮೂರು ಹಸಿರು ಚುಕ್ಕಿಗಳಿದ್ದವು, ಮಾಸಿ ಚರ್ಮದೊಳಗೆ ಇಳಿದುಹೋದ ಹಚ್ಚೆ. ಮೊದಲು ಪೌಡರು, ಅದರ ಮೇಲೆ ನನ್ನ ಸಮ ಬೆಳಕು ಅವನ್ನು ಮುಚ್ಚಿದ್ದವು. ಉಳಿದದ್ದನ್ನು ಕಲೆ ಎಂದುಕೊಂಡು ನಾನೇ ಒರೆಸಿದ್ದೆ. ಮೂಲ ಚಿತ್ರವನ್ನು ತೆರೆದು ಹಿಗ್ಗಿಸಿದೆ. ಅಲ್ಲಿಯೂ ಬರೀ ಬೂದು ನೆರಳಿತ್ತು.

"ಬಂಗಾರ ಹಾಕ್ಲಿಕ್ಕಿ ನಮ್ಮವ್ವಗ ಆಗ್ಲಿಲ್ಲ. ಮರದಾಗ ಜ್ವಾಳ ತುಂಬಿ ಕೊಟ್ಟು ಇದನ್ನ ಹಾಕ್ಸಿದ್ಲು," ಎಂದಳು ಭೀಮವ್ವ. ಮರ ಎಂದರೆ ಕೇರುವ ಮೊರ. "ಕಳ್ಳ ಒಯ್ಯಂಗಿಲ್ಲ, ಸತ್ರೂ ಬಿಡಂಗಿಲ್ಲ ಅಂತಿದ್ಲು. ನೀ ಒಂದ ದಿನದಾಗ ಒಯ್ದಿ ನೋಡು."

"ನನ್ ಮಗಳು ಇದರ ಮ್ಯಾಲ ಬೆರಳಿಟ್ಟ ಮಲಗ್ತಿತ್ರಿ," ಎಂದಳು ಯಲ್ಲಮ್ಮ ಮೆಲ್ಲಗೆ. "ಇದಿಲ್ಲಂದ್ರ ಅದಕ್ಕ ಯಾರೋ ಮುದುಕಿ."

ಮತ್ತೊಮ್ಮೆ ಕೂರಿ, ಈಗಲೇ ತೆಗೆದುಕೊಡುತ್ತೇನೆ ಎಂದೆ. ಭೀಮವ್ವ ಸೆರಗು ಕೊಡವಿಕೊಂಡು ಎದ್ದಳು. "ಒಮ್ಮಿ ಕುಂತೇನಿ, ಸಾಕು. ಬಸ್ಸು ಹೋಗ್ತದ, ನಡಿ." ಯಲ್ಲಮ್ಮ ನನ್ನ ಕಡೆ ತಿರುಗಿ, ತಾನು ಮರುದಿನವೇ ಹೊರಡುವವಳು, ಸಂಜೆಗೆ ಯಾದಗಿರಿಯಿಂದ ರೈಲು ಎಂದಳು. ಇಬ್ಬರೂ ಹೋದರು. ಚಿತ್ರ ಮೇಜಿನ ಮೇಲೆ ಉಳಿಯಿತು.

ಬೈಗುಳಕ್ಕೆ ಕಾದೆ. ನೀಲಮ್ಮ ಚಿತ್ರವನ್ನು ಬೋರಲು ಹಾಕಿದರು, ಅಷ್ಟೇ.

"ಅವ್ವಾರ, ನಾನು ನೋಡಲೇ ಇಲ್ಲ," ಎಂದೆ.

"ಪೌಡರ್ ಡಬ್ಬಿ ಅಲ್ಲಿ ಇಟ್ಟಾಕಿ ನಾನ," ಎಂದರು. "ಆಕಿ ನಮ್ಮ ಅಂಗಡಿಗಿ ಬಂದು ಕುಂತಳು. ಈಗ ನೀ ಆಕಿ ಮನಿಗಿ ಹೋಗಿ ಕುಂದ್ರು. ಮುಂಜಾನಿ ಮೊದಲ್ನೇ ಬಸ್ಸದ."

ಮರುದಿನ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಹೋದೆ. ದೀಪಗಳನ್ನು ಒಯ್ಯಲಿಲ್ಲ. ಹಳ್ಳಿಯಲ್ಲಿ ಇಳಿದಾಗ ಇನ್ನೂ ಚಳಿಯಿತ್ತು. ಭೀಮವ್ವ ಹೊರಗೆ ಒಲೆಗೆ ಕಡ್ಡಿ ಹಾಕುತ್ತಿದ್ದಳು.

"ಮತ್ತ ಬಂದ್ಯಾ? ಇಸ್ತ್ರಿ ಪೆಟಿಗಿ ತಂದೀಯೇನು?"

"ಇಲ್ಲ, ಬಿಟ್ಟು ಬಂದೆ," ಎಂದೆ.

ಅವಳು ಒಲೆಯಿಂದ ಚಹಾ ಇಳಿಸಿದಳು. "ನಮ್ಮ ಮನ್ಯಾಗ ಚಾ ನಡೀತದೇನು ನಿನಗ?"

ಅದು ಚಹಾದ ಪ್ರಶ್ನೆ ಮಾತ್ರವಲ್ಲ ಎಂದು ತಿಳಿಯುವಷ್ಟು ದಿನ ನಾನು ಈ ಸೀಮೆಯಲ್ಲಿದ್ದೆ. ಕಪ್ಪು ತೆಗೆದುಕೊಂಡು, ಅವಳ ಬಾಗಿಲ ಪಕ್ಕದ ಹಾಸುಗಲ್ಲಿನ ಮೇಲೆ ಕುಳಿತೆ. ಕಲ್ಲು ತಣ್ಣಗಿತ್ತು. ಓಣಿಯ ತುದಿಯಿಂದ ಬಿಸಿಲು ಓರೆಯಾಗಿ ಬಂದು ನನ್ನ ಬಲಗೆನ್ನೆಗೆ ತಾಗಿತು. ಎಡಗಡೆ ಗೋಡೆಯ ನೆರಳು. ಅಲ್ಲಿ ಕುಳಿತ ಮೇಲೆಯೇ ಗೊತ್ತಾಯಿತು, ಈ ಬೆಳಕಿನಲ್ಲಿ ಏನೂ ಮುಚ್ಚಿಹೋಗುವುದಿಲ್ಲ ಎಂದು. ಎದ್ದು ಅವಳಿಗೆ ಜಾಗ ಬಿಟ್ಟೆ. ಹಚ್ಚೆ ಹಾಕಿಸಿಕೊಂಡಾಗ ಎಷ್ಟು ವಯಸ್ಸು ಎಂದು ಕೇಳಿದೆ.

"ಯಾರಿಗಿ ಗೊತ್ತು? ನಮ್ಮವ್ವ ಮೊಳಕಾಲಾಗ ನನ್ ತಲಿ ಹಿಡಿದಿದ್ಲು. ಹಚ್ಚಿ ಹಾಕಾಕಿ ಹಾಡು ಹೇಳಿಕೋತ ಚುಚ್ಚಿದ್ಲು. ನಾ ಆಕಿ ಕೈ ಕಚ್ಚಿದ್ನಿ. ಅದಕ್ಕ ನಡುವಿಂದು ಸೊಟ್ಟ ಆಗ್ಯದ, ನೋಡು!" ತೋರಿಸಲು ಗದ್ದ ಎತ್ತಿದಳು. ಹಲ್ಲಿಲ್ಲದ ಬಾಯಿ ಅರೆ ತೆರೆದು, ಕಚ್ಚಿದ ಹಳೆಯ ಖುಷಿ ಕಣ್ಣಿಗೆ ಬಂತು. ಆಗ ತೆಗೆದೆ.

ಕ್ಯಾಮೆರಾದ ಪರದೆಯಲ್ಲಿ ತೋರಿಸಿದಾಗ ಅವಳು ಉಗುರಿನಿಂದ ಎಣಿಸಿದಳು. "ಒಂದು, ಎರಡು, ಮೂರು. ಅದಾವ." ಮತ್ತೆ, "ಹಲ್ಲಿಲ್ಲದ್ದು ಕಾಣಾಕತ್ತದಲ್ಲ?"

"ಬೇಡ ಅಂದರೆ ಬೇರೆ ತೆಗೆಯುತ್ತೇನೆ."

"ಏ, ಸುಮ್ನಿರು. ನೀ ತೆಗಿಯಾಕ ಹತ್ತಿದ್ರ ಪೂರಾ ಮಾರೀನ ತೆಗಿತೀ."

ಯಲ್ಲಮ್ಮ ನನ್ನ ಜೊತೆಗೇ ಸುರಪುರದ ಬಸ್ಸು ಹತ್ತಿದಳು. ಭೀಮವ್ವ ರಸ್ತೆಯವರೆಗೆ ಬಂದು, ಬಸ್ಸು ಬಿಡುವ ಮೊದಲೇ ತಿರುಗಿ ನಡೆದಳು. ಎದುರು ಸೀಟಿನ ಹೆಂಗಸು ನನ್ನ ಕ್ಯಾಮೆರಾ ನೋಡಿ, "ಯಾವೂರಾಕಿ?" ಎಂದಳು. ನಾನು ಮೈಸೂರು ಅನ್ನುವಷ್ಟರಲ್ಲಿ ಯಲ್ಲಮ್ಮ, "ಸುರಪುರದಾಕಿ. ನೀಲಮ್ಮನ ಸ್ಟುಡಿಯೋ," ಎಂದಳು. ನಾನು ತಿದ್ದಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಪುಣೆಯಲ್ಲಿ ಕೇಳಿದರೆ ನೀನು ಏನು ಹೇಳುತ್ತೀ ಎಂದು ಅವಳನ್ನು ಕೇಳಿದೆ.

"ಅಲ್ಲಿ ಕರ್ನಾಟಕದಾಕಿ ಅಂತಾರ್ರಿ. ಇಲ್ಲಿ ಬಂದ್ರ, ಪುಣೆದಾಕಿ ಬಂದ್ಲು ಅಂತಾರ." ಕಿಟಕಿಯಾಚೆ ಹತ್ತಿಯ ಹೊಲಗಳು ಸಾಗುತ್ತಿದ್ದವು. "ನಡುವ ರೈಲಿನ್ಯಾಗ ಯಾರೂ ಏನೂ ಕೇಳಂಗಿಲ್ರಿ. ಅಲ್ಲೇ ಆರಾಮ."

ಸ್ಟುಡಿಯೋದಲ್ಲಿ ಹಾಗೆಯೇ ಪ್ರಿಂಟು ತೆಗೆದೆ, ಏನನ್ನೂ ಮುಟ್ಟದೆ. ನೀಲಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಕಣ್ಣಿಗೆ ತೀರ ಹತ್ತಿರ ತಂದು ನೋಡಿದರು. "ಈಗ ಬಂದಾಳ ಭೀಮವ್ವ," ಎಂದು ರಟ್ಟಿಗೆ ತಾವೇ ಅಂಟಿಸಿದರು. ಗಾಜಿನ ಚೌಕಟ್ಟು ರೈಲಿನಲ್ಲಿ ಒಡೆಯುತ್ತದೆ, ಬೇಡ ಎಂದರು.

ಬಸ್ ನಿಲ್ದಾಣದವರೆಗೆ ಯಲ್ಲಮ್ಮನ ಜೊತೆ ಹೋದೆ. ಅಲ್ಲಿ ಅವಳು ಚೀಲದಿಂದ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಗಳ ಗಂಟು ಹೊರತೆಗೆದು, ಬಿಚ್ಚಿ, ರೊಟ್ಟಿಗಳಲ್ಲಿ ಅರ್ಧದಷ್ಟನ್ನು ಎತ್ತಿ, ಚಿತ್ರವನ್ನು ಕಾಗದ ಸುತ್ತಿ ನಡುವೆ ಇಟ್ಟಳು.

"ಕೆಳಗ ಹತ್ತು, ಮ್ಯಾಲ ಹತ್ತು. ನಡುವ ಅವ್ವ," ಎಂದಳು. "ಬಾಗಂಗಿಲ್ರಿ ಈಗ."

ಬಸ್ಸು ಬಂತು. ಮೈಸೂರಿಗೆ ಹೋಗಬೇಕಾದರೆ ನಾನೂ ಹತ್ತಬೇಕಾದ ಬಸ್ಸು ಅದೇ. ಅದು ಶಹಾಪುರದ ರಸ್ತೆಗೆ ತಿರುಗುವವರೆಗೆ ನಿಂತಿದ್ದೆ. ಅಷ್ಟರಲ್ಲಿ ನೀಲಮ್ಮನವರ ಫೋನು ಬಂತು. ಬೆಂಚಿನ ಮೇಲೆ ಇಬ್ಬರು ಕುಳಿತಿದ್ದಾರೆ, ಎಲ್ಲಿದ್ದೀ ಎಂದರು.

"ಬರಾಕತ್ತೇನ್ರಿ ಅವ್ವಾರ," ಎಂದೆ. ಹೇಳಿದ ಮೇಲೆ, ಈ ಸೀಮೆಯ ಮಾತು ನನ್ನ ಬಾಯಿಂದಲೇ ಬಂದದ್ದೆಂದು ತಿಳಿಯಿತು. ಒಂದು ಸಲ ಹಿಂದಕ್ಕೆ, ಬಸ್ಸು ಹೋದ ರಸ್ತೆಯ ಕಡೆ ನೋಡಿ, ರಂಗಂಪೇಟೆಯ ದಾರಿ ಹಿಡಿದೆ.