ಗುಳ್ಳೆಗೆ ಬಿಟ್ಟ ಜಾಗ

ನಮ್ಮತ್ತೆ ಮಹಾ ಮೊಂಡಿ. ಏಳನೇ ಕ್ಲಾಸು ಅರ್ಧಕ್ಕೇ ಬಿಟ್ಟವಳು, ಹೈಸ್ಕೂಲಿನ ಲ್ಯಾಬಿನಲ್ಲಿ ಅಟೆಂಡರ್ ಆಗಿ ಮೂವತ್ತು ವರ್ಷ ಬಾಟಲಿ ತೊಳೆದಳು, ತುಂಬಿದಳು. ಯಾವುದನ್ನೂ ಕಂಠಮಟ್ಟ ತುಂಬಿದವಳಲ್ಲ. ಬಿಸಿಗೆ ದ್ರವ ಹಿಗ್ಗಿ ಮುಚ್ಚಳ ಹಾರುತ್ತದೆ, ಮೇಲೆ ಒಂದಿಷ್ಟು ಜಾಗ ಬಿಡಬೇಕು ಎಂಬುದು ಅವಳ ಕಾನೂನು. ಮನೆಯಲ್ಲಿ ನಾನು ಕುಡಿಯುವ ನೀರು ತುಂಬಿಟ್ಟರೂ ಬಗ್ಗಿಸಿ ಸ್ವಲ್ಪ ಚೆಲ್ಲಿಯೇ ಇಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ವರ್ಷ, ಬಾಹ್ಯಾಕಾಶಕ್ಕೆ ಹೋಗುವ ರಾಕೆಟ್ಟಿನಲ್ಲಿ ಶಾಲಾಮಕ್ಕಳ ಪುಟ್ಟ ಪ್ರಯೋಗಗಳಿಗೂ ಜಾಗ ಕೊಡುತ್ತಾರೆಂದು ಸುದ್ದಿ ಬಂತು. ಹತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಪ್ರಶ್ನೆ ಆಯ್ಕೆಯಾಯಿತು. ಎಣ್ಣೆ ನೀರು ಕಲಕಿಟ್ಟರೆ ಇಲ್ಲಿ ಎಣ್ಣೆ ಮೇಲೆ ಬರುತ್ತದೆ. ತೂಕವೇ ಇಲ್ಲದ ಕಡೆ ಏನು ಮಾಡುತ್ತದೆ? ಎಂಥ ಪ್ರಶ್ನೆ ನೋಡಿ! ಮಾತೆತ್ತಿದರೆ ‘ಯಾಕೆ’ ಎನ್ನುತ್ತಿದ್ದ ಅವಳಿಗೆ ಲ್ಯಾಬಿನಲ್ಲಿ ಯಾಕಮ್ಮ ಎಂದೇ ಹೆಸರು.

ವಿಜ್ಞಾನದ ಮೇಷ್ಟ್ರು ನಕ್ಷೆ ಬರೆದರು. ಎರಡು ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಒಳಗೆ ಗಾಜಿನ ಕೊಳವೆ, ಅಲುಗಿಸಲು ಪುಟ್ಟ ಮೋಟರು, ಎದುರಿಗೆ ಕ್ಯಾಮೆರಾ. ಕೊಳವೆ ತುಂಬಿ ಮುಚ್ಚಿದ್ದು ಅತ್ತೆ. ರಾಕೆಟ್ಟಿನಲ್ಲಿ ತಡೆಯುತ್ತದೆಯೇ ಎಂದು ನೋಡಲು ಬಿಸಿ ಮಾಡಿದರು, ಗಡಗಡ ಅದುರಿಸಿದರು, ಎರಡರಲ್ಲೂ ಪಾಸು. ಅತ್ತೆ ಬೀಗಿದ್ದೇ ಬೀಗಿದ್ದು.

ಕಳಿಸುವ ಹಿಂದಿನ ದಿನ ಹತ್ತಿಯಲ್ಲಿ ಸುತ್ತಲೆಂದು ಪೆಟ್ಟಿಗೆಯನ್ನು ಅಡ್ಡ ಮಲಗಿಸಿದಳು. ಕೊಳವೆಯ ತುದಿಯಲ್ಲಿದ್ದ ಗಾಳಿಗುಳ್ಳೆ ಸರ್ರನೆ ಜಾರಿ ಕ್ಯಾಮೆರಾ ಮುಂದೆ ನಿಂತಿತು. ನೆಟ್ಟಗಿಟ್ಟರೆ ಮತ್ತೆ ಮೇಲಕ್ಕೆ. ಆಗ ಹೊಳೆಯಿತು ಅವಳಿಗೆ: ಇದು ಹೋಗುವ ಕಡೆ ನೆಟ್ಟಗೆ ಯಾವುದು, ಮೇಲೆ ಯಾವುದು? ಗುಳ್ಳೆ ಅಲ್ಲಿ ಎಲ್ಲಿ ಬೇಕಾದರೂ ಕೂತು ಚಿತ್ರಕ್ಕೇ ಅಡ್ಡ ಬರಬಹುದು. ಮೂವತ್ತು ವರ್ಷದ ಅಭ್ಯಾಸ ಕೈಕೊಟ್ಟಿತ್ತು.

ಯಾರೂ ಗಮನಿಸಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಪೆಟ್ಟಿಗೆ ಹೋಗುತ್ತಿತ್ತು. ಬಿಚ್ಚಿದರೆ ಪರೀಕ್ಷೆಗಳೆಲ್ಲ ಮೊದಲಿಂದ, ಮುಂದಿನ ಸರದಿಗೆ ಎಂಟು ತಿಂಗಳು. ರಾಕೆಟ್ ಹಾರುವುದನ್ನು ನೋಡಲು ಕರೆಯುವುದು ಶಾಲೆಯ ಮಕ್ಕಳನ್ನು ಮಾತ್ರ. ಅಷ್ಟರಲ್ಲಿ ಹುಡುಗಿ ಶಾಲೆ ಮುಗಿಸಿರುತ್ತಾಳೆ.

ಅತ್ತೆ ಮೇಷ್ಟ್ರನ್ನೂ ಹುಡುಗಿಯನ್ನೂ ಕರೆದು ಹೇಳಿಯೇಬಿಟ್ಟಳು. “ತಪ್ಪು ನಂದೇ.”

“ಗುಳ್ಳೆ ಅಡ್ಡ ಬರದೇನೂ ಇರಬಹುದು, ಕಳಿಸಿಬಿಡೋಣ,” ಎಂದರು ಮೇಷ್ಟ್ರು.

“ಇಷ್ಟು ದಿನ ಕತ್ತೆ ಕಾಯ್ತಿದ್ರಾ ಆಂಟಿ?” ಎಂದು ಹುಡುಗಿ ಗೊಳೋ ಎಂದು ಅತ್ತಳು. ಆಮೇಲೆ ಸಿಂಕಿನಲ್ಲಿ ಮುಖ ತೊಳೆದು ಬಂದಳು. “ಬಿಚ್ಚಿ. ಎಣ್ಣೆ ಏನ್ಮಾಡತ್ತೆ ಅಂತ ನೋಡೋಕೆ ತಾನೇ ಕಳಿಸ್ತಿರೋದು?”

ಕಂಠಮಟ್ಟ ತುಂಬಿದರೆ ಬಿಸಿಗೆ ಒಡೆಯುತ್ತದೆ, ಜಾಗ ಬಿಟ್ಟರೆ ಗುಳ್ಳೆ. ಅತ್ತೆ ವಾರವಿಡೀ ತಲೆ ಕೆಡಿಸಿಕೊಂಡಳು. ಕೊನೆಗೆ ಔಷಧಿಯ ಡ್ರಾಪರಿನ ರಬ್ಬರ್ ಬುರುಡೆ ಕಿತ್ತು ಕೊಳವೆಯ ತುದಿಗೆ ಸಿಕ್ಕಿಸಿ, ಒಂದು ಚೂರೂ ಗಾಳಿಯಿಲ್ಲದಂತೆ ತುಂಬಿದಳು. ದ್ರವ ಹಿಗ್ಗಿದಾಗ ರಬ್ಬರೂ ಹಿಗ್ಗಿತು. ಗಾಜು ಉಳಿಯಿತು.

ಎಂಟು ತಿಂಗಳ ಮೇಲೆ ರಾಕೆಟ್ ಹಾರಿತು. ಚಿತ್ರಗಳು ಬಂದ ದಿನ ನಾನೂ ಲ್ಯಾಬಿಗೆ ಹೋಗಿದ್ದೆ. ಹುಡುಗಿ ಕಾಲೇಜಿನಿಂದ ಓಡಿಬಂದಿದ್ದಳು. ಅತ್ತೆ ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು, ಒಳಗೆ ಬರಲು ಅವಳಿಗೆ ಮುಖವಿರಲಿಲ್ಲ. ಪರದೆಯ ಮೇಲೆ ಸಾಸಿವೆಯಷ್ಟು ಎಣ್ಣೆಹನಿಗಳು ನೀರಿನ ತುಂಬ. ಮೂರನೇ ದಿನದ ಚಿತ್ರದಲ್ಲೂ ಒಂದೂ ಮೇಲೆ ಹೋಗಿರಲಿಲ್ಲ. ಗುಳ್ಳೆಯ ಸುಳಿವಿಲ್ಲ.

“ಆಂಟಿ, ಬನ್ನಿ ಇಲ್ಲಿ. ಆ ಗುಳ್ಳೆ ಇದ್ದಿದ್ರೆ ಎಲ್ಲಿ ಕೂರ್ತಿತ್ತು?”

“ನಂಗೇನಮ್ಮ ಗೊತ್ತು?”

“ಮೇಷ್ಟ್ರಿಗೂ ಗೊತ್ತಿಲ್ವಂತೆ, ಕೇಳ್ದೆ.” ಬ್ಯಾಗಿನಿಂದ ಹೊಸ ಅರ್ಜಿ ತೆಗೆದಳು. “ನನ್ನ ಶಾಲೆ ಮುಗೀತು, ನಾನು ಹಾಕೋ ಹಾಗಿಲ್ಲ. ಈ ಗುಳ್ಳೆ ಪ್ರಶ್ನೆ ನೀವು ಹಾಕಿ.”

“ಅಯ್ಯೋ, ಅದು ಓದೋ ಮಕ್ಕಳಿಗೆ ಕಣೇ!”

“ಏಳನೇ ಕ್ಲಾಸು ಮುಗಿಸಿದ್ರಾ?”

“ಎಲ್ಲಿ ಮುಗಿಸ್ದೆ?”

“ಹಾಗಾದ್ರೆ ಇನ್ನೂ ಏಳೇ,” ಎಂದು ತರಗತಿ ಎಂಬಲ್ಲಿ ಹಾಗೇ ಬರೆದು, ಪೆನ್ನನ್ನು ಅತ್ತೆಯ ಕೈಗಿಟ್ಟಳು. ಅತ್ತೆ ಬಟ್ಟೆಯಿಂದ ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತು ಸಹಿ ಹಾಕಿದಳು.